ದೊಡ್ಡಪ್ಪನ ಕೂಳೆ ಕಬ್ಬು, ಎಪ್ಪತ್ತೆರಡು ಮೊಸರು ಡಬ್ಬಿ

ಜುಲೈ 6, ಭಾನುವಾರ

ಇದೆಲ್ಲ ಶುರುವಾಗಿದ್ದು ದೊಡ್ಡಪ್ಪನ ಒಂದು ಮಾತಿನಿಂದ. ಹೋದ ತಿಂಗಳು ಊರಿಗೆ ಹೋದಾಗ ಕೂಳೆ ಕಬ್ಬಿನ (ಕಡಿದ ಬುಡದಿಂದಲೇ ಮತ್ತೆ ಚಿಗುರಿದ ಕಬ್ಬಿನ) ಬದುವಿನ ಮೇಲೆ ಕೂತಿದ್ದೆವು. ಕಳೆ ಸಾಯಿಸುವ ಔಷಧಿ ಅಟ್ರಜಿನ್ ಹೊಡೆಸಿ ತಿಂಗಳಾಗಿತ್ತು. ಸಾಲಿನ ನಡುವೆ ಅಣ್ಣೆ ಸೊಪ್ಪು, ಗೋಣಿ ಸೊಪ್ಪು ಎಲ್ಲ ಹಸಿರಾಗಿ ನಿಂತಿದ್ದವು.

"ಮೊದ್ಲು ಒಂದ್ ಸಲ ಹೊಡುದ್ರೆ ಎರಡ್ ತಿಂಗ್ಳು ಕಳೆ ತಲೆ ಎತ್ತಿರ್ಲಿಲ್ಲ ಕಣ್ಲಾ. ಈಗ ನೋಡು ಹೆಂಗ್ ನಿಂತವೆ. ಔಸ್ದೀಲಿ ಪವರ್ರೇ ಇಲ್ಲ. ಈ ಸಲ ಡಬಲ್ ಹಾಕ್ಸುದ್ರೂ ಅಷ್ಟೆಯ."

ಊರಲ್ಲಿ ಎಲ್ಲರೂ ಹೇಳುವುದು ಇದೇ ಮಾತು. ಔಷಧಿ ಕಲಬೆರಕೆ ಅನ್ನುವವರು ಕೆಲವರು, ಕಳೆಗೇ ಅಭ್ಯಾಸ ಆಗಿಹೋಗಿದೆ ಅನ್ನುವವರು ಕೆಲವರು. ಮೂರನೆಯ ಒಂದು ಕಾರಣವೂ ಇರಬಹುದು ಅಂತ ನನಗೆ ಅನಿಸಿತು. ಔಷಧಿಯನ್ನು ಮಣ್ಣೇ ತಿಂದು ಮುಗಿಸುತ್ತಿರಬಹುದು ಅಲ್ವಾ?

ಇದು ನಾನು ಕಟ್ಟಿದ ಕಥೆ ಅಲ್ಲ. ಅಟ್ರಜಿನ್ 1958ರಿಂದ ಬಳಕೆಯಲ್ಲಿದೆ. ಅದರ ಒಂದು ಅಣುವಿನಲ್ಲಿ ಐದು ಸಾರಜನಕ ಪರಮಾಣು ಇವೆ. ಸಾರಜನಕ ಅಂದರೆ ಬ್ಯಾಕ್ಟೀರಿಯಾಗಳಿಗೆ ಊಟ. ಅಟ್ರಜಿನ್ನನ್ನೇ ಸಾರಜನಕದ ಮೂಲವಾಗಿ ತಿಂದು ಬದುಕುವ ಒಂದು ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾವನ್ನು ಅಮೆರಿಕದ ಮಿನೆಸೋಟಾದ ವಿಜ್ಞಾನಿಗಳು 1995ರಲ್ಲಿ ಪ್ರಕಟಿಸಿದರು. ಅದಕ್ಕೆ ಎಡಿಪಿ ಅಂತ ಹೆಸರಿಟ್ಟರು. ಅದು ಮೊದಲು ಅಟ್ರಜಿನ್‌ನ ಕ್ಲೋರಿನ್ನನ್ನು ಕಿತ್ತುಹಾಕುತ್ತದೆ. ಅಷ್ಟಾದರೆ ಸಾಕು, ಉಳಿಯುವ ವಸ್ತುವಿಗೆ ಕಳೆ ಸಾಯಿಸುವ ಶಕ್ತಿ ಇರುವುದಿಲ್ಲ. ಆಮೇಲೆ ನಿಧಾನವಾಗಿ ಅಣುವಿನ ನಡುವಿನ ಉಂಗುರವನ್ನೂ ಒಡೆದು ತಿನ್ನುತ್ತದೆ. ಈ ಕೆಲಸ ಮಾಡುವ ಜೀನುಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲವು. ಹಾಗಾಗಿ ವರ್ಷಾನುಗಟ್ಟಲೆ ಅದೇ ಔಷಧಿ ಬಿದ್ದ ಹೊಲದಲ್ಲಿ ಅದನ್ನು ತಿನ್ನುವವರ ಸಂತತಿಯೇ ಹೆಚ್ಚುತ್ತದೆ. 2,4-ಡಿ ಅನ್ನುವ ಇನ್ನೊಂದು ಕಳೆ ಔಷಧಿಯ ವಿಷಯದಲ್ಲಿ ಇಂಥದ್ದನ್ನು 1940ರ ದಶಕದ ಕೊನೆಯಲ್ಲೇ ಕಂಡಿದ್ದರು.

ಓದಿದ್ದು ಬೇರೆ ಮಣ್ಣಿನ ಮಾತು. ನಮ್ಮ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಕೆಂಪು ಮಣ್ಣಿನಲ್ಲಿ, ದೊಡ್ಡಪ್ಪನ ಗದ್ದೆಯಲ್ಲಿ ಏನಾಗುತ್ತಿದೆ? ನಾನು ಮಂಡ್ಯದ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ತಕ್ಕಡಿ ಇದೆ, ಬ್ಯುರೆಟ್ ಇದೆ, ಭಾನುವಾರ ಇದೆ. ನೋಡಿಯೇ ಬಿಡೋಣ ಅಂತ ಕೂತೆ.

ಜುಲೈ 10

ಹೇಗೆ ಪರೀಕ್ಷೆ ಮಾಡುವುದು ಅಂತ ನಾಲ್ಕು ದಿನ ಯೋಚಿಸಿದೆ. ಮಣ್ಣಿನಲ್ಲಿ ಅಟ್ರಜಿನ್ ಎಷ್ಟು ಉಳಿದಿದೆ ಅಂತ ಅಳೆಯುವ ಯಂತ್ರ ನನ್ನ ಹತ್ತಿರ ಇಲ್ಲ. ಆದರೆ ಸೌತೆ ಗಿಡ ಇದೆ. ಅಟ್ರಜಿನ್ ಸ್ವಲ್ಪ ಇದ್ದರೂ ಸೌತೆ ಸಸಿ ತಾಳುವುದಿಲ್ಲ. ಬೀಜ ಮೊಳೆಯುತ್ತದೆ, ಬೀಜದೆಲೆ ಬಿಚ್ಚುತ್ತದೆ, ಅಲ್ಲಿಯವರೆಗೆ ಬೀಜದಲ್ಲಿರುವ ಬುತ್ತಿ ಸಾಕು. ಸ್ವಂತ ಅಡುಗೆ ಶುರು ಮಾಡಬೇಕಾದಾಗ ಸಿಕ್ಕಿಬೀಳುತ್ತದೆ. ಅಟ್ರಜಿನ್ ತಡೆಯುವುದು ಆ ಬಿಸಿಲಿನ ಅಡುಗೆಯನ್ನೇ. ಎಲೆಯ ಅಂಚು ಹಳದಿಯಾಗಿ, ಒಣಗಿ, ಹತ್ತು ಹದಿನೈದು ದಿನದಲ್ಲಿ ಸಸಿ ಮಲಗುತ್ತದೆ.

ಸೌತೆ ಆರಿಸಿಕೊಳ್ಳಲು ಇನ್ನೊಂದು ಕಾರಣ ಇದೆ. ಗದ್ದೆಯ ಕಳೆ ಬದುಕಿದರೆ, ಕಳೆಯೇ ಗಟ್ಟಿಯಾಗಿರಬಹುದು ಅನ್ನುವ ಅನುಮಾನ ಉಳಿಯುತ್ತದೆ. ಜೇಕು, ಗರಿಕೆಯಂತೂ ಅಟ್ರಜಿನ್‌ಗೆ ಮೊದಲಿಂದಲೂ ಬಗ್ಗಿದ್ದಿಲ್ಲ. ಅಂಗಡಿಯಿಂದ ತಂದ ಸೌತೆ ಬೀಜ ಈ ಔಷಧಿಯನ್ನು ಕಂಡೇ ಇಲ್ಲ. ಅದು ಬದುಕಿದರೆ ಔಷಧಿ ಖಾಲಿಯಾಗಿದೆ ಅಂತಲೇ ಲೆಕ್ಕ.

ಮೂರು ಬಗೆಯ ಮಣ್ಣು ತೆಗೆದುಕೊಂಡೆ.

ಮೊದಲನೆಯದು ದೊಡ್ಡಪ್ಪನ ಕಬ್ಬಿನ ಸಾಲಿನದ್ದು. ಹನ್ನೆರಡು ವರ್ಷದಿಂದ ಪ್ರತಿ ವರ್ಷ ಅಟ್ರಜಿನ್ ಬಿದ್ದಿದೆ.

ಎರಡನೆಯದು ಅದೇ ಗದ್ದೆಯ ಮೂಲೆಯಲ್ಲಿ, ಪಂಪ್‌ಸೆಟ್ ಪಕ್ಕ ಇರುವ ದೊಡ್ಡಮ್ಮನ ಸೊಪ್ಪಿನ ಮಡಿಯದ್ದು. ಅಲ್ಲಿಗೆ ದೊಡ್ಡಮ್ಮ ಔಷಧಿ ಟ್ಯಾಂಕ್ ತರಲು ಬಿಟ್ಟಿದ್ದೇ ಇಲ್ಲ. ದಂಟು, ಕೊತ್ತಂಬರಿ ಜೊತೆಗೆ ತಾನಾಗಿ ಹುಟ್ಟುವ ಅಣ್ಣೆ, ಹೊನಗೊನೆ, ಕಿರಕಸಾಲೆ, ಗಣಿಕೆಯನ್ನೂ ಉಳಿಸಿಕೊಂಡು ಬಂದಿದ್ದಾರೆ. ಬೆರಕೆ ಸೊಪ್ಪಿನ ಉಪ್ಸಾರು ಬೇಕೆಂದರೆ ಈಗ ಇಡೀ ಬಯಲಿಗೆ ಆ ಮಡಿಯೊಂದೇ ದಿಕ್ಕು. ಮಣ್ಣು ಕೇಳಿದ್ದಕ್ಕೆ, "ತಕೊ ಮಗಾ, ಗುಂಡಿ ಮಾತ್ರ ಮುಚ್ಬುಟ್ಟು ಹೋಗು" ಅಂದರು.

ಮೂರನೆಯದೂ ದೊಡ್ಡಪ್ಪನ ಸಾಲಿನ ಮಣ್ಣೇ, ಆದರೆ ಕುಕ್ಕರಿನಲ್ಲಿ ಬೇಯಿಸಿದ್ದು. ಮೂರು ದಿನ, ದಿನಕ್ಕೆ ಅರ್ಧ ಗಂಟೆ. ಒಂದು ಗ್ರಾಂ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಅವುಗಳನ್ನು ತೆಗೆದುಹಾಕಿದರೆ ಔಷಧಿ ಹಾಗೇ ಉಳಿಯುತ್ತದಾ ಅಂತ ನೋಡಬೇಕಿತ್ತು. ಹಳೆಯ ಹತ್ತು ಲೀಟರ್ ಕುಕ್ಕರನ್ನು ಇದಕ್ಕೇ ಮೀಸಲಿಟ್ಟೆ, ಅದರಲ್ಲಿ ಇನ್ನು ಅಡುಗೆ ಮಾಡುವುದಿಲ್ಲ. ಬೇಯಿಸುವಾಗ ಮನೆಯೆಲ್ಲಾ ಬೆಂದ ಮಣ್ಣಿನ ವಾಸನೆ. ಮಳೆ ಬಿದ್ದಾಗ ಬರುವ ಪರಿಮಳಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಆ ಪರಿಮಳ ಸ್ಟ್ರೆಪ್ಟೊಮೈಸಿಸ್ ಅನ್ನುವ ಜೀವಿಗಳು ಮಾಡುವ ಜಿಯೋಸ್ಮಿನ್‌ನದ್ದು.

ಜುಲೈ 13

ಮೊದಲ ಪ್ರಯತ್ನ ಹಾಳಾಯಿತು. ಯಾಕೆ ಅಂತ ವಿವರವಾಗಿ ಬರೆಯುತ್ತೇನೆ, ಯಾರಾದರೂ ಮಾಡುವುದಾದರೆ ಉಪಯೋಗಕ್ಕೆ ಬರಲಿ.

ಎಕರೆಗೆ ಒಂದು ಕೆ.ಜಿ. ಪುಡಿ ಅಂತ ಲೆಕ್ಕ ಹಿಡಿದೆ. ಅದು 50 ಪರ್ಸೆಂಟ್ ಪುಡಿ, ಅಂದರೆ ಅರ್ಧ ಕೆ.ಜಿ. ಮಾತ್ರ ಅಟ್ರಜಿನ್. ಎಕರೆ ಅಂದರೆ 4,047 ಚದರ ಮೀಟರ್. ನನ್ನ ಮೊಸರು ಡಬ್ಬಿಯ ಬಾಯಿ 10 ಸೆಂ.ಮೀ. ಅಗಲ. ಒಂದು ಡಬ್ಬಿಯ ಪಾಲಿಗೆ ಬರುವುದು ಸುಮಾರು 2 ಮಿಲಿಗ್ರಾಂ ಪುಡಿ! ಅದನ್ನು ತೂಗಲು ಆಗುವುದಿಲ್ಲ. ಅದಕ್ಕೆ 0.2 ಗ್ರಾಂ ಪುಡಿಯನ್ನು ಒಂದು ಲೀಟರ್ ನೀರಿಗೆ ಹಾಕಿ, ಡಬ್ಬಿಗೆ 10 ಮಿ.ಲೀ. ಬಿಟ್ಟೆ.

ಎಡವಿದ್ದು ಇಲ್ಲಿ. ಅಟ್ರಜಿನ್ ನೀರಿನಲ್ಲಿ ಕರಗುವುದು ತುಂಬಾ ಕಡಿಮೆ, ಲೀಟರಿಗೆ ಸುಮಾರು 33 ಮಿಲಿಗ್ರಾಂ ಅಷ್ಟೆ. ಉಳಿದದ್ದು ಪುಡಿಯಾಗಿಯೇ ತೇಲುತ್ತಿದ್ದು ತಳಕ್ಕೆ ಇಳಿಯುತ್ತದೆ. ನಾನು ಒಂದು ಸಲ ಕಲಕಿ ಸುಮ್ನೆ ಬಿಡುತ್ತಾ ಹೋದೆ. ಐವತ್ತು ಡಬ್ಬಿ ಆದ ಮೇಲೆ ಜಾಡಿಯ ತಳ ನೋಡಿದರೆ ಬೆಳ್ಳಗೆ ಪುಡಿ ಕೂತಿದೆ. ಯಾವ ಡಬ್ಬಿಗೆ ಎಷ್ಟು ಬಿದ್ದಿದೆ ಅಂತ ಹೇಳುವ ಹಾಗೇ ಇಲ್ಲ. ಎಲ್ಲ ಮಣ್ಣನ್ನೂ ಒಂದು ಗೋಣಿಚೀಲಕ್ಕೆ ಸುರಿದು, ಬಾಯಿ ಕಟ್ಟಿ, ಚೀಟಿ ಅಂಟಿಸಿ ಪಕ್ಕಕ್ಕಿಟ್ಟೆ. ಗಿಡದ ಬುಡಕ್ಕೋ ಚರಂಡಿಗೋ ಹಾಕುವ ಹಾಗಿಲ್ಲ. ಅಟ್ರಜಿನ್ ಅಂತರ್ಜಲಕ್ಕೆ ಇಳಿಯುತ್ತದೆ. ಯುರೋಪ್ ಒಕ್ಕೂಟ 2004ರಲ್ಲಿ ಅದನ್ನು ಕೈಬಿಟ್ಟಿದ್ದು ಆ ಕಾರಣಕ್ಕೇ.

ಗದ್ದೆಯಲ್ಲೂ ಇದೇ ಆಗುತ್ತಿರಬೇಕು ಅಂತ ಆಗ ಹೊಳೆಯಿತು. ಬೆನ್ನಿಗೆ ಹಾಕುವ 16 ಲೀಟರ್ ಟ್ಯಾಂಕಿಗೆ ಪುಡಿ ಸುರಿದು, ಕೋಲಿನಲ್ಲಿ ಎರಡು ಸುತ್ತು ತಿರುಗಿಸಿ ಹೊರಟುಬಿಡುತ್ತಾರೆ. ಒಂದು ಸಾಲಿಗೆ ಒಂದು ಪಾಲು, ಇನ್ನೊಂದು ಸಾಲಿಗೆ ಮೂರು ಪಾಲು. ಅಳತೆ ಅಂದರೆ ಮುಚ್ಚಳ, ಇಲ್ಲಾ ಬೆಂಕಿಪೊಟ್ಟಣ. ಎಕರೆಗೆ ಇಷ್ಟು ಅನ್ನುವ ಲೆಕ್ಕ ಅಲ್ಲಿ ಉಳಿಯುವುದೇ ಇಲ್ಲ.

ಜುಲೈ 20

ಮತ್ತೆ ಶುರು. ಪ್ರತಿ ಡಬ್ಬಿಗೂ ಮುಂಚೆ ಜಾಡಿ ಕುಲುಕಿ, ಸಿರಿಂಜಿನಲ್ಲಿ ಎಳೆದು ಬಿಟ್ಟೆ. ಮಗಳು ಕುಲುಕಿದಳು, ನಾನು ಬಿಟ್ಟೆ, ಇಬ್ಬರಿಗೂ ಕೈಗವಸು. ಒಟ್ಟು ಎಪ್ಪತ್ತೆರಡು ಡಬ್ಬಿ: ಮೂರು ಮಣ್ಣು, ಆರು ಸಲದ ಬಿತ್ತನೆ, ಪ್ರತಿ ಸಲಕ್ಕೆ ಔಷಧಿ ಬಿದ್ದ ಮೂರು ಡಬ್ಬಿ, ಔಷಧಿ ಇಲ್ಲದ್ದು ಒಂದು. ಔಷಧಿಯೆಲ್ಲ ಇವತ್ತೇ ಬಿದ್ದಿದೆ. ಬಿತ್ತನೆ ಮಾತ್ರ ಇವತ್ತು, ಮುಂದಿನ ನಾಲ್ಕು ಭಾನುವಾರ, ಆಮೇಲೆ ಆರನೇ ವಾರಕ್ಕೆ. ಡಬ್ಬಿಗೆ ಐದು ಬೀಜ. ಪುಷ್ಯ ಮಳೆ ಹಿಡಿದಿರುವುದರಿಂದ ಮಹಡಿಯ ಮೇಲೆ ತಗಡಿನ ಕೆಳಗೆ ಜೋಡಿಸಿದ್ದೇನೆ. ಬೇಯಿಸಿದ ಮಣ್ಣಿಗೆ ಕುದಿಸಿ ಆರಿಸಿದ ನೀರು.

ಜುಲೈ 27

ಊರಲ್ಲಿ ಇನ್ನೊಂದು ಕೆಲಸ ಜೊತೆಗೇ ನಡೆಯುತ್ತಿದೆ. ದೊಡ್ಡಪ್ಪ ಈ ತಿಂಗಳು ಕಬ್ಬು ಕಡಿಸಿದ ತುಂಡಿನಲ್ಲಿ ನನಗೆ ನಾಲ್ಕು ಪಟ್ಟಿ ಬಿಟ್ಟುಕೊಟ್ಟಿದ್ದಾರೆ. ಒಂದನೇ ಪಟ್ಟಿಯಲ್ಲಿ ತರಗು ಸುಡದೆ ಸಾಲಿಗೆ ಹಾಸಿದೆ, ಔಷಧಿ ಇಲ್ಲ. ಎರಡನೆಯದರಲ್ಲಿ ತರಗು ತೆಗೆಸಿ ಕೈಕಳೆ. ಮೂರನೆಯದರಲ್ಲಿ ತರಗಿಲ್ಲ, ಔಷಧಿ ಎಕರೆಗೆ ಒಂದು ಕೆ.ಜಿ. ನಾಲ್ಕನೆಯದರಲ್ಲಿ ಅದೇ ಔಷಧಿ ದುಪ್ಪಟ್ಟು. ಪ್ರತಿ ಪಟ್ಟಿಯಲ್ಲೂ ನನ್ನ ಹಳೆಯ ಹತ್ತಿ ಪಂಚೆಯ ಎರಡು ತುಂಡು ಹೂತಿದ್ದೇನೆ, ಅರ್ಧ ಅಡಿ ಆಳಕ್ಕೆ. ಹತ್ತಿ ಅಂದರೆ ಬರೀ ಸೆಲ್ಯುಲೋಸ್. ಶಿಲೀಂಧ್ರ, ಬ್ಯಾಕ್ಟೀರಿಯಾ ಚುರುಕಾಗಿದ್ದ ಕಡೆ ಬೇಗ ಕರಗಬೇಕು.

ಆಗಸ್ಟ್ 10

ಮೊದಲನೇ ಬಿತ್ತನೆ ಪೂರ್ತಿ ಹೋಯಿತು. ಮೂರು ಮಣ್ಣಿನಲ್ಲೂ ಒಂದು ಸಸಿ ಉಳಿಯಲಿಲ್ಲ. ಎರಡನೆಯದೂ ಅದೇ ದಾರಿಯಲ್ಲಿದೆ. ಔಷಧಿ ಇಲ್ಲದ ಡಬ್ಬಿಗಳಲ್ಲಿ ಮಾತ್ರ ಸಸಿ ಚೆನ್ನಾಗಿವೆ, ಬೇಯಿಸಿದ ಮಣ್ಣಿನಲ್ಲೂ. ಇದು ಮುಖ್ಯ. ಬೇಯಿಸಿದ್ದರಿಂದಲೇ ಮಣ್ಣು ಕೆಟ್ಟು ಸಸಿ ಸಾಯುತ್ತಿಲ್ಲ ಅಂತ ಗೊತ್ತಾಯಿತು.

ದೊಡ್ಡಪ್ಪನಿಗೆ ಫೋನಿನಲ್ಲಿ ಹೇಳಿದೆ. "ಅಂಗಾದ್ರೆ ಔಸ್ದಿ ಅಸಲಿನೇಯ" ಅಂದರು. ಹೌದು, ಒಂದು ಅನುಮಾನ ಅಲ್ಲಿಗೆ ತೀರಿತು.

ಆಗಸ್ಟ್ 18

ನಿನ್ನೆ ಭಾನುವಾರ ಹದಿನೈದು ನಿಮಿಷ ಮಹಡಿ ಮೇಲೆ ಸುಮ್ಮನೆ ನಿಂತಿದ್ದೆ. ಆಗಸ್ಟ್ 3ರ ಬಿತ್ತನೆ, ಅಂದರೆ ಔಷಧಿ ಬಿದ್ದು ಎರಡು ವಾರಕ್ಕೆ ಹಾಕಿದ್ದು. ದೊಡ್ಡಮ್ಮನ ಮಡಿಯ ಮಣ್ಣಿನಲ್ಲಿ ಎಲ್ಲವೂ ಒಣಗಿವೆ. ಬೇಯಿಸಿದ ಮಣ್ಣಿನಲ್ಲೂ ಅಷ್ಟೆ. ದೊಡ್ಡಪ್ಪನ ಸಾಲಿನ ಮಣ್ಣಿನಲ್ಲಿ ಹದಿನೈದು ಬೀಜದಲ್ಲಿ ಹದಿಮೂರು ಮೊಳೆತು, ಎಂಟು ಬದುಕಿವೆ.

ಒಂದು ಸಸಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿದೆ. ಬೀಜದೆಲೆಯ ಅಂಚಿನಲ್ಲಿ ಉಗುರಿನ ಗೆರೆಯಷ್ಟು ತೆಳ್ಳಗೆ ಹಳದಿ ಇದೆ. ಒಂದು ಕಡೆ ಸುಟ್ಟಂತೆ ಕಂದು. ಅದರ ನಡುವಿನಿಂದ ಮೊದಲ ನಿಜವಾದ ಎಲೆ ಬಂದಿದೆ, ಸುಂಕು ಸುಂಕಾಗಿ, ಪೂರ್ತಿ ಹಸಿರು. ಏಟು ತಿಂದು ಎದ್ದಿದೆ. ಬೇರು ಇಳಿಯುವ ಹೊತ್ತಿಗೆ ಸ್ವಲ್ಪ ಔಷಧಿ ಉಳಿದಿತ್ತು, ಎಲೆ ಬರುವ ಹೊತ್ತಿಗೆ ಖಾಲಿಯಾಗಿತ್ತು ಅಂತ ನನ್ನ ಊಹೆ.

ಒಂದೇ ಗದ್ದೆ, ಒಂದೇ ಕೆಂಪು ಮಣ್ಣು, ನಡುವೆ ಮೂವತ್ತು ಹೆಜ್ಜೆ. ಹನ್ನೆರಡು ವರ್ಷ ಔಷಧಿ ಕಂಡ ಮಣ್ಣು ಎರಡು ವಾರದಲ್ಲಿ ತಿಂದು ಮುಗಿಸುತ್ತಿದೆ. ಕಾಣದ ಮಣ್ಣಿಗೆ ಅದು ಬರುವುದಿಲ್ಲ. ದೊಡ್ಡಮ್ಮನ ಮಡಿಗೆ ಗೊಬ್ಬರ ಜಾಸ್ತಿ ಬಿದ್ದಿದೆ, ಜೀವವೂ ಜಾಸ್ತಿ ಇರಬೇಕು. ಆದರೂ ಅಲ್ಲಿ ಈ ಕೆಲಸ ಬಲ್ಲವರು ಕಡಿಮೆ. ಮಣ್ಣಿನಲ್ಲಿ ಜೀವ ಎಷ್ಟಿದೆ ಅನ್ನುವುದೇ ಒಂದು ಪ್ರಶ್ನೆ, ಯಾರು ಯಾರು ಇದ್ದಾರೆ ಅನ್ನುವುದೇ ಇನ್ನೊಂದು ಅಂತ ನನಗೆ ಇವತ್ತು ಚೆನ್ನಾಗಿ ಅರ್ಥವಾಯಿತು.

ಆಗಸ್ಟ್ 24, ಊರಲ್ಲಿ

ನಾಲೆಯಲ್ಲಿ ನೀರು ಬಿಟ್ಟಿದ್ದಾರೆ. ಪಟ್ಟಿಗಳನ್ನು ನೋಡಲು ಹೋದವನು ಕಾಲುವೆ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಎದ್ದಿದ್ದೇ ಒಂದು ಗಂಟೆಯ ಮೇಲೆ.

ಎರಡನೇ ಪಟ್ಟಿಯಲ್ಲಿ, ಅದೇ ಕೈಕಳೆ ಮಾಡಿದ್ದರಲ್ಲಿ, ತೇವದ ಮಣ್ಣಿನ ಮೇಲೆ ಹಸಿರು ಪೊರೆ ಕಟ್ಟಿದೆ. ಪಾಚಿ. ಅಲ್ಲಲ್ಲಿ ನೀಲಿ ಮಿಶ್ರಿತ ಕಪ್ಪು. ಬೆರಳಲ್ಲಿ ಎತ್ತಿದರೆ ಹಪ್ಪಳದಂತೆ ತುಂಡಾಗಿ ಬರುತ್ತದೆ, ಅಡಿಯಲ್ಲಿ ಮಣ್ಣಿನ ಕಣಗಳು ಅಂಟಿಕೊಂಡಿರುತ್ತವೆ. ಮೂರನೇ ಪಟ್ಟಿಯಲ್ಲಿ ಅಂಥ ಪೊರೆ ಇಲ್ಲ, ಅಲ್ಲೊಂದು ಇಲ್ಲೊಂದು ಚುಕ್ಕೆ ಅಷ್ಟೆ. ನಾಲ್ಕರಲ್ಲಿ ಮಣ್ಣು ಬರೀ ಕೆಂಪು, ಮಳೆ ಹನಿ ಬಿದ್ದ ಗುರುತು ಹಾಗೇ ಇದೆ.

ಇದಕ್ಕೆ ಆಶ್ಚರ್ಯ ಪಡಬೇಕಾಗಿಲ್ಲ. ಪಾಚಿ, ನೀಲಿಹಸಿರು ಪಾಚಿ ಎರಡೂ ಬಿಸಿಲಿನಲ್ಲೇ ಅಡುಗೆ ಮಾಡಿಕೊಳ್ಳುವ ಜೀವಿಗಳು. ಸೌತೆಯ ಒಲೆ ಆರಿಸುವ ಔಷಧಿ ಅವುಗಳ ಒಲೆಯನ್ನೂ ಆರಿಸುತ್ತದೆ. ಆದರೆ ಕಣ್ಣಾರೆ ಕಂಡಾಗ ಮನಸ್ಸಿಗೆ ನಾಟುತ್ತದೆ. ಗಾಳಿಯ ಸಾರಜನಕವನ್ನು ಮಣ್ಣಿಗೆ ಕಟ್ಟುವ ಜಾತಿಗಳು ಆ ನೀಲಿಹಸಿರು ಪಾಚಿಯಲ್ಲೇ ಇವೆ. ನಾವು ಅವನ್ನು ಒಣಗಿಸಿ, ಆಮೇಲೆ ಯೂರಿಯಾ ಚೀಲಕ್ಕೆ ಸಾಲಲ್ಲಿ ನಿಲ್ಲುತ್ತೇವೆ.

ಒಂದನೇ ಪಟ್ಟಿಯಲ್ಲೂ ಪಾಚಿ ಇಲ್ಲ, ಆದರೆ ಅಲ್ಲಿ ತರಗಿನ ಕೆಳಗೆ ಬೆಳಕೇ ಬೀಳುವುದಿಲ್ಲ. ಅದನ್ನು ಈ ಲೆಕ್ಕಕ್ಕೆ ಸೇರಿಸಬಾರದು. ತರಗು ಎತ್ತಿದರೆ ಬಿಳಿ ಶಿಲೀಂಧ್ರದ ಎಳೆಗಳು, ಎರೆಹುಳದ ಹಿಕ್ಕೆ.

ಆಗಸ್ಟ್ 30

ನಾಲ್ಕೂ ಪಟ್ಟಿಯ ಮಣ್ಣನ್ನು ಲ್ಯಾಬಿಗೆ ತಂದು ಉಸಿರಾಟ ಅಳೆದೆ. 50 ಗ್ರಾಂ ಮಣ್ಣು, ಬಿಗಿ ಮುಚ್ಚಳದ ಜಾಡಿ, ಒಳಗೊಂದು ಪುಟ್ಟ ಬಟ್ಟಲಲ್ಲಿ ಕಾಸ್ಟಿಕ್ ಸೋಡಾ ದ್ರಾವಣ. ಮಣ್ಣಿನ ಜೀವಿಗಳು ಬಿಡುವ ಇಂಗಾಲದ ಡೈಆಕ್ಸೈಡನ್ನು ಸೋಡಾ ಹೀರಿಕೊಳ್ಳುತ್ತದೆ. ಮಾರನೇ ದಿನ ಉಳಿದ ಸೋಡಾವನ್ನು ಆಮ್ಲದಿಂದ ಅಳೆಯುವುದು. ಆಮ್ಲ ಕಡಿಮೆ ಹಿಡಿದಷ್ಟೂ ಉಸಿರು ಜಾಸ್ತಿ ಅಂತ ಅರ್ಥ. ಮಣ್ಣಿಲ್ಲದ ಜಾಡಿಗೆ 9.8 ಮಿ.ಲೀ. ಹಿಡಿಯಿತು. ತರಗಿನ ಪಟ್ಟಿಗೆ 5.9. ಕೈಕಳೆಗೆ 7.9. ಔಷಧಿಗೆ 7.8. ದುಪ್ಪಟ್ಟು ಔಷಧಿಗೆ 8.1.

ಪಾಚಿ ನೋಡಿ ಬಂದ ಬೇಸರದಲ್ಲಿ, ಔಷಧಿ ಬಿದ್ದ ಪಟ್ಟಿಯ ಉಸಿರು ಅರ್ಧಕ್ಕೆ ಇಳಿದಿರುತ್ತದೆ ಅಂತ ಅಂದುಕೊಂಡಿದ್ದೆ. ಹಾಗಾಗಿಲ್ಲ. ಮೂರು ಸಲ ಮಾಡಿದೆ, ಅಷ್ಟೇ ಬಂತು. ಕಂಡಿದ್ದನ್ನು ಬರೆಯಬೇಕು. ಸರಿಯಾದ ಅಳತೆಯಲ್ಲಿ ಬಿದ್ದ ಔಷಧಿಗೂ ಕೈಕಳೆಗೂ ಉಸಿರಾಟದಲ್ಲಿ ವ್ಯತ್ಯಾಸವೇ ಇಲ್ಲ ಅನ್ನಬಹುದು. ತರಗು ಇದ್ದದ್ದಕ್ಕೂ ತೆಗೆಸಿ ಬಯಲು ಮಾಡಿದ್ದಕ್ಕೂ ಇರುವ ಅಂತರ ಅದಕ್ಕಿಂತ ಎಷ್ಟೋ ದೊಡ್ಡದು. ಒಟ್ಟು ಉಸಿರು ಒಂದೇ ಇದ್ದರೂ ಒಳಗಿನ ಜನ ಬದಲಾಗಿರಬಹುದು. ಪಾಚಿ ಹೋಗಿ, ಔಷಧಿ ತಿನ್ನುವವರು ಬಂದು ಕೂತಿರಬಹುದು. ಜಾಡಿಗೆ ಅದು ಕಾಣುವುದಿಲ್ಲ.

ಸೆಪ್ಟೆಂಬರ್ 15

ಡಬ್ಬಿಗಳ ಲೆಕ್ಕ ಮುಗಿಯಿತು. ಪ್ರತಿ ಸಲ ಹದಿನೈದು ಬೀಜದಲ್ಲಿ ಬದುಕಿದ್ದು ಇಷ್ಟು. ಮೂರನೇ ವಾರದ ಬಿತ್ತನೆ: ದೊಡ್ಡಪ್ಪನ ಮಣ್ಣಿನಲ್ಲಿ ಹನ್ನೆರಡು, ದೊಡ್ಡಮ್ಮನ ಮಣ್ಣಿನಲ್ಲಿ ಒಂದು, ಬೇಯಿಸಿದ್ದರಲ್ಲಿ ಸೊನ್ನೆ. ನಾಲ್ಕನೇ ವಾರ: ಹದಿನಾಲ್ಕು, ನಾಲ್ಕು, ಸೊನ್ನೆ. ಆರನೇ ವಾರ: ಹದಿನಾಲ್ಕು, ಹನ್ನೊಂದು, ಎರಡು. ಆ ಎರಡೂ ಒಂದೇ ಡಬ್ಬಿಯವು. ಗಾಳಿಯಿಂದಲೋ ಪಕ್ಕದ ಡಬ್ಬಿಯಿಂದಲೋ ಜೀವ ಸೇರಿಕೊಂಡಿರಬೇಕು. ಬಯಲಲ್ಲಿಟ್ಟ ಬೇಯಿಸಿದ ಮಣ್ಣು ಎಷ್ಟು ದಿನ ಹಾಗೇ ಇದ್ದೀತು.

ಬೇಯಿಸಿದ ಮಣ್ಣೇ ನನಗೆ ದೊಡ್ಡ ಸಾಕ್ಷಿ. ಮಣ್ಣು ಅದೇ, ಔಷಧಿ ಅದೇ, ಬಿಸಿಲೂ ಅದೇ. ಜೀವ ತೆಗೆದರೆ ನಾಲ್ಕು ವಾರ ಕಳೆದರೂ ಸೌತೆ ಸಾಯುತ್ತದೆ.

ಶನಿವಾರವೇ ಊರಿಗೆ ಹೋಗಿ ಮೂರು ಡಬ್ಬಿಗಳನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟಿದ್ದೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಎತ್ತಿ ನೋಡಿದರು. ಬಹಳ ಹೊತ್ತು ಮಾತಾಡಲಿಲ್ಲ.

"ಅಂಗಾರೆ ನಾನು ಡಬಲ್ ಹಾಕ್ದಂಗೆಲ್ಲ ಅವ್ಕೆ ಊಟ ಬಡಿಸ್ದಂಗಾಯ್ತು."

ಎರಡು ತಿಂಗಳಿಂದ ನಾನು ಹೇಳಲು ಒದ್ದಾಡುತ್ತಿದ್ದದ್ದು ಇದನ್ನೇ. ಔಷಧಿ ಬೇಗ ಖಾಲಿಯಾಗುತ್ತದೆ, ಕಳೆ ಬೇಗ ಬರುತ್ತದೆ, ರೈತ ಜಾಸ್ತಿ ಹಾಕುತ್ತಾನೆ, ತಿನ್ನುವವರು ಇನ್ನೂ ಹೆಚ್ಚುತ್ತಾರೆ. ಈ ಸುತ್ತಿನಲ್ಲಿ ದುಡ್ಡು ಹೋಗುವುದು ದೊಡ್ಡಪ್ಪನದ್ದು, ಒಣಗುವುದು ಪಾಚಿ. ದೊಡ್ಡಮ್ಮ ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. "ನನ್ ಮಡಿ ಮಣ್ಣಲ್ಲಿ ಗಿಡ ಸತ್ತೋದ್ವಾ?" ಅಂತ ಸಂಕಟದಿಂದ ಕೇಳಿದರು. ಅವರ ಮಣ್ಣು ಈ ಔಷಧಿ ಕಂಡೇ ಇಲ್ಲ, ಅದಕ್ಕೇ ಹಾಗೆ ಅಂತ ಹೇಳಿದ ಮೇಲೆ ಸಮಾಧಾನವಾಯಿತು.

ಸೆಪ್ಟೆಂಬರ್ 28, ಹಸ್ತ ಮಳೆ

ಪಂಚೆ ತುಂಡು ಅಗೆದೆ. ತರಗಿನ ಪಟ್ಟಿಯಲ್ಲಿ ಸಿಕ್ಕಿದ್ದು ಬರೀ ಜರಿ ಅಂಚು, ಅದಕ್ಕೆ ನೇತಾಡುವ ಎರಡು ಮೂರು ಎಳೆ. ಹತ್ತಿ ಇದ್ದ ಜಾಗದಲ್ಲಿ ಕಬ್ಬಿನ ಬೇರು ಹೆಣೆದುಕೊಂಡಿತ್ತು. ಎರಡು ಮತ್ತು ಮೂರರಲ್ಲಿ ಬಟ್ಟೆ ಇದೆ, ಇಲಿ ಕಡಿದಂತೆ ತೂತು, ಎಳೆದರೆ ಪಿಸಿಯುತ್ತದೆ. ನಾಲ್ಕರಲ್ಲಿ ಒಂದು ತುಂಡು ಗಟ್ಟಿಯಾಗಿತ್ತು, ಇನ್ನೊಂದು ಮೂರರ ಹಾಗೇ. ಎರಡು ತುಂಡು ನೋಡಿ ದುಪ್ಪಟ್ಟು ಔಷಧಿಯ ಬಗ್ಗೆ ತೀರ್ಪು ಕೊಡಲಾರೆ.

ಅಕ್ಟೋಬರ್ 19, ಚಿತ್ತೆ ಮಳೆ

ದೊಡ್ಡಪ್ಪ ಮುಂದಿನ ತುಂಡಿನಲ್ಲಿ ಇಪ್ಪತ್ತು ಗುಂಟೆಗೆ ತರಗು ಸುಡುವುದಿಲ್ಲ ಅಂದಿದ್ದಾರೆ. ಸಾಲು ಬಿಟ್ಟು ಸಾಲಿಗೆ ಹಾಸುತ್ತಾರಂತೆ. ಅಲ್ಲಿ ಈ ಸಲ ಅಟ್ರಜಿನ್ ಹೊಡೆಯುವುದಿಲ್ಲ. ಜೇಕು ಮಾತ್ರ ಗುದ್ದಲಿಯಲ್ಲಿ ಗೆಡ್ಡೆ ಸಮೇತ ಕೀಳಿಸಬೇಕು, ಆಳು ಸಿಕ್ಕರೆ. ಉಳಿದ ತುಂಡಿಗೆ ಔಷಧಿ ಹೊಡೆಯುವುದನ್ನು ನಿಲ್ಲಿಸಿಲ್ಲ, ಆದರೆ ಅಳತೆ ಚಮಚ ಕೇಳಿ ತೆಗೆದುಕೊಂಡರು.

ನನ್ನ ತಲೆಯಲ್ಲಿ ಈಗ ಇನ್ನೊಂದು ಪ್ರಶ್ನೆ. ಬ್ಯಾಕ್ಟೀರಿಯಾ ಅಟ್ರಜಿನ್ ತಿನ್ನುವುದು ಸಾರಜನಕಕ್ಕಾಗಿ ಅಂದರೆ, ಪಕ್ಕದಲ್ಲೇ ಯೂರಿಯಾ ಸಿಕ್ಕರೆ ಏನು ಮಾಡುತ್ತವೆ? ಬೇರೆ ಕೆಲವು ಮಣ್ಣುಗಳಲ್ಲಿ ಸುಲಭದ ಸಾರಜನಕ ಕೊಟ್ಟಾಗ ಅಟ್ರಜಿನ್ ಖಾಲಿಯಾಗುವುದು ನಿಧಾನವಾಗಿದೆ. ನಮ್ಮ ಕಬ್ಬಿಗೆ ಯೂರಿಯಾ ಕಡಿಮೆ ಏನೂ ಬೀಳುವುದಿಲ್ಲ. ಆದರೂ ದೊಡ್ಡಪ್ಪನ ಮಣ್ಣು ಎರಡು ವಾರಕ್ಕೆ ಮುಗಿಸಿತ್ತಲ್ಲ.

ಹಾಗಾಗಿ ಹೊಸದಾಗಿ ಹನ್ನೆರಡು ಡಬ್ಬಿ. ಎಲ್ಲದರಲ್ಲೂ ದೊಡ್ಡಪ್ಪನ ಸಾಲಿನ ಮಣ್ಣು, ಎಲ್ಲಕ್ಕೂ ಅಟ್ರಜಿನ್, ಆರಕ್ಕೆ ಮಾತ್ರ ಯೂರಿಯಾ ನೀರು. ಔಷಧಿ ಬಿಟ್ಟು ಎರಡು ವಾರ ಆದ ಮೇಲೆ, ಹೋದ ಭಾನುವಾರ ಬಿತ್ತಿದೆ. ಇವತ್ತು ಬೆಳಿಗ್ಗೆ ಮಗಳು ಮಹಡಿಯಿಂದ ಕೂಗಿದಳು. ಯೂರಿಯಾ ಚೀಟಿ ಇರುವ ಮೂರನೇ ಡಬ್ಬಿಯಲ್ಲಿ ಬೀಜದೆಲೆ ಬಿಚ್ಚಿದೆ. ಅಂಚು ಇನ್ನೂ ಹಸಿರಾಗೇ ಇದೆ. ಹಳದಿಗೆ ತಿರುಗುತ್ತದಾ ಇಲ್ಲವಾ ಅಂತ ಹೇಳಲು ಇನ್ನೂ ಒಂದು ವಾರ ಬೇಕು.